ಕೋಲ್ಮನ್ ಟೀಹನ್ ಕೊಟ್ಟ ಹೇಳಿಕೆ

ಫಿಂಟನ್ ಡ್ವಾನ್ ಒಂದು ಕಡೆ ಕೂತು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಐರ್ಲೆಂಡಿನ ಕೋಲು-ಚೆಂಡಿನ ಆಟವಾದ ಹರ್ಲಿಂಗಿನ ನಮ್ಮ ಕಿಲ್ಡಾರನ್ ಊರಿನ ಕ್ಲಬ್ಬಿಗೆ ನೂರು ವರ್ಷ ತುಂಬುತ್ತಿತ್ತು, ಅದರ ಚರಿತ್ರೆ ಬರೆಯುವ ಕೆಲಸ ಶಾಲೆಯ ಮೇಷ್ಟರಾದ ನನ್ನ ತಲೆಗೆ ಬಂದಿತ್ತು. ಫಿಂಟನ್ನನ್ನು ಬಿಟ್ಟು ಆ ಚರಿತ್ರೆ ಬರೆಯುವಂತಿರಲಿಲ್ಲ. ಹದಿನೇಳಕ್ಕೆ ಊರಿನ ತಂಡ, ಇಪ್ಪತ್ತಕ್ಕೆ ಕೌಂಟಿಯ, ಅಂದರೆ ಜಿಲ್ಲೆಯ, ತಂಡ, ಡಬ್ಲಿನ್ನಿನಲ್ಲಿ ಗೆದ್ದ ಎರಡು ಫೈನಲ್, ಮೂವತ್ತಾರಕ್ಕೆ ಸೊಂಟ ಹೋಗಿ ನಿವೃತ್ತಿ. ಈ ಆಟದಲ್ಲಿ ಯಾರಿಗೂ ಸಂಬಳವಿಲ್ಲ. ಭಾನುವಾರ ಎಂಥ ಟ್ರೋಫಿ ಎತ್ತಿದರೂ ಸೋಮವಾರ ಬೆಳಗ್ಗೆ ಐದಕ್ಕೆ ಅವನು ಹಾಲಿನ ಲಾರಿಯ ಸ್ಟೀರಿಂಗ್ ಹಿಡಿದಿರುತ್ತಿದ್ದ. ಈಗ ಐವತ್ತೆಂಟು. ಲಾರಿಯನ್ನೂ ಬಿಟ್ಟಿದ್ದ.

ಮೂರು ಶನಿವಾರ ಅವನ ಮನೆಗೆ ಹೋದೆ. ನಾನು ಪ್ರಶ್ನೆ ಕೇಳಿದರೆ ಉತ್ತರ ಅಂಗಳದಿಂದ ಬರುತ್ತಿತ್ತು, ಮುಂದಿನ ಉತ್ತರ ಕೊಟ್ಟಿಗೆಯಿಂದ. ನೋಟ್‌ಬುಕ್ ಹಿಡಿದು ಹಿಂದೆ ಓಡುತ್ತಿದ್ದೆ.

"ಮೇಷ್ಟ್ರೇ, ನೀವು ಕೂತ್ಕೊಳ್ಳಿ," ಎಂದಳು ಅವನ ಹೆಂಡತಿ ಡಿಂಪ್ನಾ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ಈ ಮನುಷ್ಯನ ಹಿಂದೆ ಸುತ್ತಿದ್ರೆ ನಿಮ್ಮ ಶೂ ಸವೀತದೆ ಅಷ್ಟೆ. ಮದುವೆ ಆದಾಗ್ಲಿಂದ ಒಂದು ಊಟ ಕೂತು ಮುಗಿಸಿಲ್ಲ. ಮದುವೆ ಊಟದಲ್ಲೇ ಸೂಪು ಬಿಟ್ಟು ಎದ್ದುಹೋಗಿ ಹೋಟ್ಲು ಸುತ್ತಿ ಬಂದ."

"ಸೂಪು ಬಿಸಿ ಇತ್ತು ಕಣೇ," ಎಂದ ಫಿಂಟನ್ ಬಾಗಿಲಲ್ಲಿ ನಿಂತು.

"ಇಪ್ಪತ್ತೊಂಬತ್ತು ವರ್ಷ ಆಯ್ತು. ಇನ್ನೂ ಆರಿಲ್ವಾ?"

ಅವನು ನಕ್ಕ. ನಗು ಮುಗಿಯುವ ಮೊದಲೇ ಮತ್ತೆ ಹೊರಗೆ ಹೋಗಿದ್ದ.

ಮೂರನೆಯ ಶನಿವಾರ ನಾನು ಎಂಬತ್ತೊಂಬತ್ತನೇ ಇಸವಿಗೆ ಬಂದೆ. ಆ ವರ್ಷದ ಕೌಂಟಿ ಫೈನಲ್ ನಮಗೂ ಪಕ್ಕದ ಡ್ರಮ್‌ಹೇಲ್ ಊರಿಗೂ ನಡೆದದ್ದು. ಎರಡನೇ ಅರ್ಧದಲ್ಲಿ ಗೋಲಿನ ಮುಂದೆ ಆಟಗಾರರ ಗುಂಪಿನ ಕಾಲಡಿ ಚೆಂಡು ಸಿಕ್ಕಿಕೊಂಡಿತು. ನಮ್ಮವರ ಮೂರು ಕೋಲುಗಳು ಒಟ್ಟಿಗೆ ಬೀಸಿದವು: ಫಿಂಟನ್‌ನದು, ಮಲಾಕಿ ಫೀರಿಯದು, ಜಾರ್ಲತ್ ಕೊನ್‌ರಿಯದು. ಗುಂಪು ಚೆದುರಿದಾಗ ಡ್ರಮ್‌ಹೇಲ್‌ನ ಕೋಲ್ಮನ್ ಟೀಹನ್ ಮುಖಕ್ಕೆ ಎರಡೂ ಕೈ ಒತ್ತಿಕೊಂಡು ಮಂಡಿಯೂರಿದ್ದ. ಆಗ ಹೆಲ್ಮೆಟ್ ಹಾಕುವವರು ಕಡಿಮೆ. ಅವನ ಬಲಗಣ್ಣು ಉಳಿಯಲಿಲ್ಲ. ರೆಫರಿ ಬೇರೆ ಕಡೆ ಇದ್ದ. ಆರು ವಾರ ಬಿಟ್ಟು ಕೌಂಟಿ ಸಮಿತಿ ಕೋಲ್ಮನ್‌ನನ್ನು ಕರೆದು ಹೊಡೆದವರು ಯಾರೆಂದು ಕೇಳಿತು. ಅವನ ಹೇಳಿಕೆ ಒಂದೇ ಸಾಲು: "ಗೊತ್ತಿಲ್ಲ. ನಾನು ಕಣ್ಣು ಮುಚ್ಚಿಕೊಂಡಿದ್ದೆ."

ಆ ಸಾಲು ಎರಡೂ ಊರಿನ ಬಾಯಲ್ಲಿದೆ. ಕೋಲು ಹಿಡಿದವರು ಯಾರೂ ಕಣ್ಣು ಮುಚ್ಚುವುದಿಲ್ಲ. ಆರು ವರ್ಷದ ಮಗುವಿಗೆ ಮೈದಾನದಲ್ಲಿ ಕಲಿಸುವ ಮೊದಲ ಪಾಠವೇ ಅದು, ಕೋಲು ತಾಗುವ ತನಕ ಚೆಂಡು ನೋಡು. ಆದ್ದರಿಂದ ಅವನ ಮಾತಿನ ಅರ್ಥ, ನೋಡಿದ್ದೇನೆ, ಆದರೆ ಹೇಳುವುದಿಲ್ಲ ಎಂದು. ಚರ್ಚಿನ ಫಾದರ್ ಒಮ್ಮೆ ಪ್ರವಚನದಲ್ಲಿ ಅದನ್ನು ದೊಡ್ಡತನದ ಉದಾಹರಣೆಯಾಗಿ ಹೇಳಿದ್ದರು. ಶಾಲೆಯಲ್ಲಿ ಮಕ್ಕಳು ಚಾಡಿ ಹೇಳಲು ಬಂದರೆ ನಾನೂ ಹೇಳುತ್ತಿದ್ದೆ.

"ಬರ್ಕೊಳ್ಳಿ ಮೇಷ್ಟ್ರೇ," ಎಂದ ಫಿಂಟನ್, ಗೇಟಿನ ಅಗುಳಿಯನ್ನು ತೆಗೆಯುತ್ತ, ಹಾಕುತ್ತ. "ಹೊಡೆದಿದ್ದು ನಾನು."

ನಾನು ಬರೆದುಕೊಳ್ಳಲಿಲ್ಲ.

"ಚೆಂಡಿಗೆ ಬಿದ್ರೆ ಕೈಗೆ ಒಂದು ಥರ ಗೊತ್ತಾಗುತ್ತೆ. ಮರಕ್ಕೆ ಮರ ಬಿದ್ರೆ ಇನ್ನೊಂದು ಥರ. ಅವತ್ತು ಎರಡೂ ಅಲ್ಲ. ಮೆತ್ತಗಿತ್ತು." ಅವನು ಅಂಗೈಯನ್ನು ಪ್ಯಾಂಟಿಗೆ ಉಜ್ಜಿದ. "ಏಳು ನಿಮಿಷ ಬಿಟ್ಟು ಗೋಲ್ ಹೊಡೆದೆ. ಹೆಗಲ ಮೇಲೆ ಹೊತ್ಕೊಂಡು ಹೋದ್ರು. ಆಮೇಲೂ ಎಂಟು ವರ್ಷ ಆಡ್ದೆ. ಇದು ಪುಸ್ತಕದಲ್ಲಿ ಬರ್ಬೇಕು."

"ಕೋಲ್ಮನ್‌ನ ಕೇಳದೆ ಹೇಗೆ ಬರೀಲಿ?"

"ಅವನಿಗೆ ಗೊತ್ತೇ ಇದೆ. ಗೊತ್ತಿದ್ದೂ ಪ್ರತಿ ಭಾನುವಾರ ನನ್ನ ಕಾರಲ್ಲೇ ಮ್ಯಾಚಿಗೆ ಬರ್ತಾನೆ. ಹವಾಮಾನ ಮಾತಾಡ್ತಾನೆ. ಮೂವತ್ತು ವರ್ಷ! ಒಂದು ಸಲ ಬೈದಿದ್ರೆ ಸಾಕಿತ್ತು, ನಾನು ಎಲ್ಲಾದ್ರೂ ಒಂದು ಕಡೆ ಕೂತ್ಕೊಳ್ತಿದ್ದೆ."

ಅವನಿಗೆ ಬೇಕಾಗಿದ್ದದ್ದು ಪುಸ್ತಕವಲ್ಲ, ಆ ಬೈಗುಳ ಎಂದು ನನಗೆ ಆಗ ತಿಳಿಯಿತು. ಅವತ್ತೇ ಹೊರಟೆವು. ಡ್ರಮ್‌ಹೇಲ್‌ಗೆ ನಾಲ್ಕು ಮೈಲಿ. ಅಷ್ಟರಲ್ಲಿ ಅವನು ಕಾರಿನ ಗಾಜನ್ನು ಎಷ್ಟು ಸಲ ಇಳಿಸಿ ಏರಿಸಿದನೋ ಲೆಕ್ಕವಿಲ್ಲ.

ಕೋಲ್ಮನ್ ತನ್ನ ಶೆಡ್ಡಿನಲ್ಲಿದ್ದ. ಸುತ್ತಲಿನ ಮಕ್ಕಳ ಸೀಳಿದ ಹರ್ಲಿ ಕೋಲುಗಳಿಗೆ ತಗಡಿನ ಪಟ್ಟಿ ಸುತ್ತಿ ಮೊಳೆ ಹೊಡೆದುಕೊಡುವುದು ಅವನ ಕೆಲಸ. ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಜಾಗವನ್ನು ಹೆಬ್ಬೆರಳಲ್ಲಿ ತಡವಿ ನೋಡಿ ಹೊಡೆಯುತ್ತಿದ್ದ.

"ಇವತ್ತು ಶನಿವಾರ ಕಣೋ," ಎಂದ ತುಟಿಯ ಸಂದಿಯಿಂದಲೇ. "ಮ್ಯಾಚ್ ನಾಳೆ. ಸೊಂಟ ಬದಲಾಯಿಸ್ದಾಗ ತಲೇನೂ ಬದಲಾಯಿಸಿದ್ರಾ? ಓ, ಮೇಷ್ಟ್ರೂ ಬಂದಿದ್ದಾರೆ. ಏನ್ರೀ, ನಾವು ನಿಮ್ಮನ್ನ ಸೋಲಿಸಿದ ವರ್ಷಗಳನ್ನೆಲ್ಲ ಬಿಡಬೇಡಿ. ಪುಸ್ತಕ ತೀರಾ ತೆಳ್ಳಗಾಗಿಬಿಡುತ್ತೆ."

ಫಿಂಟನ್ ನಗಲಿಲ್ಲ. ನೆಲ ನೋಡಿಕೊಂಡು ಹೇಳಿದ: "ಎಂಬತ್ತೊಂಬತ್ತರಲ್ಲಿ ನಿನ್ನ ಕಣ್ಣಿಗೆ ಬಿದ್ದಿದ್ದು ನನ್ನ ಕೋಲು. ನಿಂಗೆ ಗೊತ್ತಿರೋದೇ. ಆದ್ರೂ ನನ್ನ ಬಾಯಿಂದ ಬರ್ಬೇಕಿತ್ತು."

ಕೋಲ್ಮನ್ ತುಟಿಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಮರದ ಮೇಲೆ ಇಟ್ಟ. ಐದು ಮೊಳೆ.

"ನಂಗೆ ಗೊತ್ತಿರ್ಲಿಲ್ಲ," ಎಂದ.

"ಬೇಡ ಕೋಲ್ಮನ್. ದೊಡ್ಡತನ ಸಾಕು."

"ಯಾವ ದೊಡ್ಡತನವೋ, ಹಾಳಾದವನೇ! ಗೊತ್ತಿರ್ಲಿಲ್ಲ! ಕಣ್ಣು ಮುಚ್ಕೊಂಡಿದ್ದೆ ಅಂತ ಹೇಳಿದ್ನಲ್ಲ? ಸಮಿತಿಗೆ ಹೇಳ್ದೆ, ಅಮ್ಮನಿಗೆ ಹೇಳ್ದೆ, ಫಾದರ್‌ಗೆ ಹೇಳ್ದೆ. ಒಬ್ಬನಾದ್ರೂ ನಂಬಿದ್ನಾ? ಮೂರು ಕೋಲು ಒಟ್ಟಿಗೆ ಬರೋದು ಕಾಣ್ತು, ಹೆದರ್ದೆ, ಮುಚ್ಕೊಂಡೆ. ಚಿಕ್ಕ ಮಗು ಥರ. ತೆರೆದಿದ್ರೆ ತಲೆ ತಗ್ಗಿಸ್ತಿದ್ದೆ, ಕಣ್ಣು ಉಳೀತಿತ್ತು."

ನಾನು ಶಾಲೆಯಲ್ಲಿ ಎಷ್ಟು ಸಲ ಆ ಕಥೆ ಹೇಳಿದ್ದೆ ಎಂದು ಲೆಕ್ಕ ಹಾಕುತ್ತಿದ್ದೆ.

"ಸಮಿತಿಯಿಂದ ಹೊರಗೆ ಬಂದ್ರೆ ಜನ ಟೋಪಿ ತೆಗೆದು ನಿಂತಿದ್ದಾರೆ," ಎಂದ ಕೋಲ್ಮನ್, ದನಿ ಇಳಿಸಿ. "ಹೆದರಿದ್ದೆ ಕಣ್ರಪ್ಪಾ ಅಂತ ಕೂಗಿ ಹೇಳ್ಲಾ? ನಾಳೆ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಮಲಾಕಿ ಚಳಿಗಾಲಕ್ಕೆ ಉರಿಸೋಕೆ ಅಂತ ಒಂದು ಟ್ರೈಲರ್ ಪೀಟ್ ಮಣ್ಣಿನ ಹೆಂಟೆ ತಂದು ಸುರಿದ. ಈಸ್ಟರ್‌ಗೆ ಜಾರ್ಲತ್ ಅರ್ಧ ಕುರಿಮರಿ ತಂದ. ನೀನು ಕಾರು ತಂದೆ. ಮೂರು ಜನಾನೂ, ಹೊಡೆದೋನು ತಾನೇ ಇರಬಹುದು ಅಂದ್ಕೊಂಡು ನನ್ನನ್ನ ಬಿಷಪ್ ಥರ ನೋಡ್ಕೊಂಡ್ರಿ. ಬೆಚ್ಚಗಿದ್ದೆ, ತಿಂದೆ, ಊರು ಸುತ್ತಿದೆ. ಹೇಳಲಿಲ್ಲ."

ನನಗೆ ನಗು ಬಂತು. ಅವರಿಬ್ಬರ ಮುಖ ನೋಡಿ ತಡೆದುಕೊಂಡೆ.

"ಹಾಗಾದ್ರೆ ಬೈ ಈಗ," ಎಂದ ಫಿಂಟನ್. "ಈಗ ಗೊತ್ತಾಯ್ತಲ್ಲ. ಬೈ."

"ಕಣ್ಣಿಗಾ? ಕಣ್ಣಿಗೆ ಯಾಕೋ ಬೈಲಿ? ಅದು ಆಟ." ಕೋಲ್ಮನ್ ಸುತ್ತಿಗೆಯನ್ನು ಎತ್ತಿಕೊಂಡ, ಏನು ಮಾಡಬೇಕೆಂದು ತಿಳಿಯದವನಂತೆ ಮತ್ತೆ ಇಟ್ಟ. "ಹೋದ ವರ್ಷ ಜಾರ್ಲತ್ ಆಸ್ಪತ್ರೆಯಲ್ಲಿದ್ದ. ಸಾಯೋಕೆ ಎರಡು ದಿನ ಇತ್ತು ಅಷ್ಟೆ. ನನ್ನ ಕೈ ಹಿಡ್ಕೊಂಡು ಕೇಳ್ದ, 'ನಾನಾ ಕೋಲ್ಮನ್?' ಅಂತ. ಗೊತ್ತಿಲ್ಲ ಅಂದೆ. ನಿಜ ಹೇಳ್ದೆ. ಅವನು ಕೈ ಬಿಟ್ಟು ಗೋಡೆ ಕಡೆ ತಿರುಗ್ದ. ನಾನು ಹೇಳೋಕೆ ಇಷ್ಟವಿಲ್ದೆ ಹಾಗಂದೆ ಅಂದ್ಕೊಂಡ. ತಾನೇ ಅಂತ ತಿಳ್ಕೊಂಡೇ ಹೋದ."

ಎಂಬತ್ತೊಂಬತ್ತರ ಆ ಪಂದ್ಯದ ನಂತರ ಜಾರ್ಲತ್ ಕೋಲು ಮುಟ್ಟಿರಲಿಲ್ಲ. ಮಂಡಿ ನೋವು ಎನ್ನುತ್ತಿದ್ದನಂತೆ. ನನ್ನ ಟಿಪ್ಪಣಿಯಲ್ಲೂ ಮಂಡಿ ಎಂದೇ ಇತ್ತು.

"ನಿಂಗೆ ಗೊತ್ತಿತ್ತು," ಎಂದ ಕೋಲ್ಮನ್. "ನಿನ್ನ ಕೈಗೆ ಗೊತ್ತಿತ್ತು. ಅವನ ಶವಪೆಟ್ಟಿಗೆ ಹೊತ್ತೆ ನೀನು. ಹೋಗು ಇಲ್ಲಿಂದ."

"ಬೈಯೋ, ಕೋಲ್ಮನ್."

"ಹೋಗು ಅಂದೆ. ನಿಂಗೆ ಬೇಕು ಅಂದಾಗ ಬರಲ್ಲ ಅದು."

ಮರುದಿನ ಚರ್ಚಿನಲ್ಲಿ ಪೂಜೆ ಮುಗಿದು ಹೊರಬರುವಾಗ ಡಿಂಪ್ನಾ ನನ್ನ ತೋಳು ಹಿಡಿದಳು. "ಏನು ಮಾಡಿದ್ರಿ ನನ್ನ ಗಂಡನಿಗೆ? ರಾತ್ರಿಯೆಲ್ಲ ಅಂಗಳದಲ್ಲಿ ನಡೆದ. ಹಸುಗಳಿಗೂ ನಿದ್ದೆ ಇಲ್ಲ. ಅವನ ಜೊತೆ ಹೋಗಿ ಮೇಷ್ಟ್ರೇ, ಒಬ್ಬನೇ ಬೇಡ."

ಪಟ್ಟಣದ ಮೈದಾನದಲ್ಲಿ ಮೂರು ಗಂಟೆಗೆ ಆಟ. ಎರಡಕ್ಕೆ ನಾವು ಕೋಲ್ಮನ್‌ನ ಗೇಟಿನ ಮುಂದೆ ಹಾರನ್ ಮಾಡಿದೆವು. ಅವನು ಕೋಟು ತೊಟ್ಟು ಹೊರಗೆ ಬಂದ, ಕಾರಿನ ಪಕ್ಕದಲ್ಲೇ ಹಾದು ರಸ್ತೆಗಿಳಿದು ನಡೆಯತೊಡಗಿದ. ಫಿಂಟನ್ ಗಾಜು ಇಳಿಸಿ, ಅವನ ನಡಿಗೆಯ ವೇಗದಲ್ಲೇ ಕಾರು ಬಿಟ್ಟ.

"ಕಾರು ಹತ್ತು ಕೋಲ್ಮನ್."

"ನಡೀತೀನಿ."

"ಐದು ಮೈಲಿ ಇದೆಯೋ."

"ಹೋಗಿರೋದು ಕಣ್ಣು. ಕಾಲಲ್ಲ."

ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ಒಂದು ಕಾರಿನಗಲದ ರಸ್ತೆ. ಹಿಂದೆ ಬಾವುಟ ಕಟ್ಟಿದ ಕಾರುಗಳು ಸಾಲುಗಟ್ಟಿದವು.

"ಏನ್ರೋ ಇದು, ಶವಯಾತ್ರೆನಾ?" ಎಂದು ಒಬ್ಬ ಕೂಗಿದ.

"ಫಿಂಟನ್, ಆಕ್ಸಿಲರೇಟರ್ ಬಲಗಡೆ ಇರೋದು ಕಣಪ್ಪಾ!" ಎಂದು ಇನ್ನೊಬ್ಬ.

ಫಿಂಟನ್‌ನ ಬೆರಳುಗಳು ಸ್ಟೀರಿಂಗ್ ಮೇಲೆ ಕುಣಿಯುತ್ತಿದ್ದವು. ಇದ್ದಕ್ಕಿದ್ದಂತೆ ಕಾರು ನಿಲ್ಲಿಸಿ, "ನೀವು ಹಿಡೀರಿ ಮೇಷ್ಟ್ರೇ," ಎಂದು ಇಳಿದುಬಿಟ್ಟ. ಕುಂಟುತ್ತ ಓಡಿ ಕೋಲ್ಮನ್‌ನನ್ನು ಸೇರಿಕೊಂಡ. ನಾನು ಮೊದಲ ಗೇರಿನಲ್ಲಿ ಅವರ ಹಿಂದೆ ಹೊರಟೆ, ನನ್ನ ಹಿಂದೆ ಇಡೀ ಡ್ರಮ್‌ಹೇಲ್.

ಅರ್ಧ ಮೈಲಿ ಕಳೆಯಿತು. ಆಮೇಲೆ ಕೋಲ್ಮನ್‌ನ ಕೈ ಗಾಳಿಯಲ್ಲಿ ಬೀಸತೊಡಗಿತು. ಹಾರನ್ನುಗಳ ನಡುವೆ ಒಂದೊಂದು ಚೂರು ಕೇಳುತ್ತಿತ್ತು, ಜಾರ್ಲತ್‌ನ ಹೆಸರು, ಫಿಂಟನ್‌ನ ಅಪ್ಪನ ಹೆಸರು, ಶಾಲೆಯಲ್ಲಿ ಹೇಳಲಾಗದ ಮಾತುಗಳು. ಬೈಗುಳ ಬಂದಿತ್ತು. ಒಮ್ಮೆ ಅವನು ಫಿಂಟನ್‌ನನ್ನು ಗೋಡೆಗೆ ನೂಕಿದ. ಫಿಂಟನ್ ಎದ್ದು, ಕೋಟು ಕೂಡ ಕೊಡವಿಕೊಳ್ಳದೆ, ಮತ್ತೆ ಅವನ ಪಕ್ಕಕ್ಕೆ ಹೋದ. ನಾನು ಗಾಜು ಏರಿಸಿದೆ. ಅದು ನಾನು ಕೇಳಬೇಕಾದದ್ದಾಗಿರಲಿಲ್ಲ.

ಅಡ್ಡರಸ್ತೆ ಬಂತು. ಬಲಕ್ಕೆ ಪಟ್ಟಣ, ಎಡಕ್ಕೆ ಕಿಲ್ಡಾರನ್. ಕೋಲ್ಮನ್ ಎಡಕ್ಕೆ ತಿರುಗಿದ. ಹಿಂದಿನ ಕಾರುಗಳು ಒಂದು ಉದ್ದನೆಯ ಹಾರನ್ ಹಾಕಿ ಬಲಕ್ಕೆ ಓಡಿದವು. ರಸ್ತೆ ಒಮ್ಮೆಲೇ ನಿಶ್ಶಬ್ದವಾಯಿತು.

ಕೋಲ್ಮನ್ ನಿಂತು, ಉಸಿರು ಸುಧಾರಿಸಿಕೊಂಡು, ನನ್ನ ಕಿಟಕಿಗೆ ತಟ್ಟಿದ.

"ಬರೀರಿ ಮೇಷ್ಟ್ರೇ. ಅವನದ್ದೂ ಬರೀರಿ, ನಾನು ಹೆದರಿದ್ದೂ ಬರೀರಿ. ಆದ್ರೆ ಮೊದಲು ಅಸಂಪ್ಟಾಗೆ ಹೇಳ್ಬೇಕು. ಅವಳು ಪುಸ್ತಕದಲ್ಲಿ ಓದೋದು ಬೇಡ."

ಅಸಂಪ್ಟಾ ಜಾರ್ಲತ್‌ನ ವಿಧವೆ. ಗಂಡ ಹೋದ ಮೇಲೂ ಈಸ್ಟರ್‌ಗೆ ಕುರಿಮರಿ ಕಳಿಸಿದವಳು.

"ನಾನು ಹೇಳ್ತೀನಿ," ಎಂದ ಫಿಂಟನ್. ಅವನ ಮೊಣಕೈಯಿಂದ ರಕ್ತ ಒಸರುತ್ತಿತ್ತು.

"ಮೊದಲು ನಾನು. ನಾನು ಆ ಮನೆಯ ಮಾಂಸ ತಿಂದಿದ್ದೀನಿ. ನೀನು ಕಾಯ್ತಿರು."

ಫಿಂಟನ್ ನನ್ನ ಪಕ್ಕಕ್ಕೆ ಕಾರು ಹತ್ತಿದ, ಅಸಂಪ್ಟಾಳ ಅಂಗಳದಲ್ಲಿ ನಿಲ್ಲಿಸಿ ನಾವಿಬ್ಬರೂ ಕಾರಿನೊಳಗೇ ಕಾದೆವು. ಅಡುಗೆಮನೆಯ ಕಿಟಕಿಯಿಂದ ರೇಡಿಯೋದಲ್ಲಿ ಪಂದ್ಯದ ವಿವರಣೆ ಬರುತ್ತಿತ್ತು, ಯಾರೋ ಪಾಯಿಂಟ್ ಹೊಡೆದಿದ್ದರು. ಕೋಲ್ಮನ್ ಹೊಸ್ತಿಲಲ್ಲಿ ಟೋಪಿ ಹಿಡಿದು ನಿಂತು ಹೇಳುತ್ತಿದ್ದ. ಅಸಂಪ್ಟಾ ಎದೆಯ ಮೇಲೆ ಕೈಕಟ್ಟಿ ಕೇಳುತ್ತಿದ್ದಳು. ಅವನು ಮುಗಿಸಿದ. ಅವಳು ಒಳಗೆ ಹೋದಳು. ಫಿಂಟನ್‌ನ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿಯುತ್ತಲೇ ಇತ್ತು.

ರೇಡಿಯೋ ನಿಂತಿತು.

ಅವಳು ಹೊರಗೆ ಬಂದು, ಕೋಲ್ಮನ್‌ನನ್ನು ದಾಟಿ, ನೇರ ಕಾರಿನ ಕಡೆ ನಡೆದಳು. ಬರಿಗೈಯಲ್ಲಿ, ಮನೆಯೊಳಗಿನ ಚಪ್ಪಲಿಯಲ್ಲೇ, ಆತುರವಿಲ್ಲದೆ. ಆ ನಡಿಗೆಯಿಂದ ಏನೂ ತಿಳಿಯುವಂತಿರಲಿಲ್ಲ.

"ನೀವು ಇಲ್ಲೇ ಇರಿ ಮೇಷ್ಟ್ರೇ," ಎಂದು ಫಿಂಟನ್ ಬಾಗಿಲು ತೆಗೆದು ಇಳಿದ.