ನಲ್ಲಿಯಲ್ಲಿ ಹರಿದ ಕರೆಂಟು

ಎಂಟು ತಿಂಗಳಿಂದ ವರ್ನಾ ತನ್ನ ಮನೆಯಲ್ಲಿ ಸ್ನಾನ ಮಾಡಿರಲಿಲ್ಲ. ಷವರಿನ ಕೆಳಗೆ ನಿಂತು ನಲ್ಲಿ ಮುಟ್ಟಿದರೆ ಸಾಕು, ಬೆರಳಿನಿಂದ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ವಾರಕ್ಕೆ ಮೂರು ಸಲ ಟವೆಲು ಹೊತ್ತುಕೊಂಡು ಹದಿನಾಲ್ಕು ಮೈಲಿ ದೂರದ ತಂಗಿಯ ಮನೆಗೆ ಹೋಗುತ್ತಿದ್ದಳು. ಒದ್ದೆ ತಲೆಯಲ್ಲಿ ವಿಸ್ಕಾನ್ಸಿನ್ನಿನ ಹಿಮದ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬರುವಾಗ, ಕೆಟ್ಟಿರುವುದು ತನ್ನ ತಲೆಯೇ ಇರಬೇಕು ಎಂದು ಅವಳಿಗೂ ಅನ್ನಿಸತೊಡಗಿತ್ತು.

ಗಂಡ ಡೆಲ್ಬರ್ಟನಿಗೆ ಆ ಬಗ್ಗೆ ಅನುಮಾನವೇ ಇರಲಿಲ್ಲ. ಅವನು ಚೀಸ್ ಕಾರ್ಖಾನೆಯಲ್ಲೇ ಸ್ನಾನ ಮುಗಿಸಿ ಬರುವವನು; ಮನೆಯಲ್ಲಿ ನಲ್ಲಿ ಮುಟ್ಟುತ್ತಿದ್ದುದು ರಬ್ಬರ್ ಬೂಟು ಹಾಕಿಕೊಂಡೇ. "ನನಗ್ಯಾಕೆ ಏನೂ ಆಗಲ್ಲ ಹೇಳು?" ಎನ್ನುತ್ತಿದ್ದ. ಇಬ್ಬರು ಎಲೆಕ್ಟ್ರಿಷಿಯನ್‌ಗಳು ಬಂದು, ಪ್ಲಗ್ಗುಗಳನ್ನೆಲ್ಲ ನೋಡಿ, ಎಲ್ಲ ಸರಿಯಿದೆ ಎಂದು ಹೋದರು. ಕೊನೆಗೆ ಡೆಲ್ಬರ್ಟನೇ ಡಾಕ್ಟರಿಗೆ ಫೋನ್ ಮಾಡಿ, "ಇವಳಿಗೆ ನರಗಳದ್ದು ಏನೋ ತೊಂದರೆ" ಎಂದ. ವರ್ನಾ ಎರಡು ತಿಂಗಳು ಮಾತ್ರೆಯನ್ನೂ ನುಂಗಿದಳು.

ಮಾರ್ಚ್‌ನ ಒಂದು ಬೆಳಿಗ್ಗೆ ಮೂರನೆಯ ಎಲೆಕ್ಟ್ರಿಷಿಯನ್ ಲೊರೇನ್ ಬಂದಳು. ಐವತ್ತು ದಾಟಿದ ಹೆಂಗಸು, ಮಂಡಿನೋವಿನಿಂದ ನೆಲಮಾಳಿಗೆಯ ಬಚ್ಚಲಿಗೆ ಮೆಟ್ಟಿಲಿಳಿಯಲು ಕಷ್ಟಪಡುತ್ತಿದ್ದಳು.

"ಮೊದಲು ನೀವು ಹೇಳಿ," ಎಂದಳು. "ಯಾವಾಗ ಜಾಸ್ತಿ ಆಗತ್ತೆ?"

ಯಾರೂ ಕೇಳದ ಪ್ರಶ್ನೆ ಅದು. ವರ್ನಾ ಸ್ವಲ್ಪ ಯೋಚಿಸಿದಳು. "ಅಡುಗೆಮನೇಲಿ ಟೋಸ್ಟರ್ ಹಾಕಿದ್ರೆ. ಆಗ ಅಲ್ಲಿ ದೀಪ ಮಂಕಾಗತ್ತೆ, ಬಚ್ಚಲಲ್ಲಿ ಜೋರಾಗಿ ಉರಿಯತ್ತೆ."

"ಅದೂ ಇವಳ ಕಲ್ಪನೆ," ಎಂದ ಡೆಲ್ಬರ್ಟ್.

"ಹೌದಾ? ಹಾಗಿದ್ರೆ ಟೋಸ್ಟರ್ ಹಾಕಿ ಬನ್ನಿ."

ಡೆಲ್ಬರ್ಟ್ ಮೇಲೆ ಹೋಗಿ ಹಾಕಿ ಬಂದ; ಬಚ್ಚಲ ದೀಪ ಜೋರಾಗಿ ಉರಿಯತೊಡಗಿತ್ತು. ಲೊರೇನ್ ಮೀಟರಿನ ಒಂದು ತಂತಿಯನ್ನು ನಲ್ಲಿಗೆ, ಇನ್ನೊಂದನ್ನು ನೀರು ಹೋಗುವ ಕಬ್ಬಿಣದ ಜಾಲರಿಗೆ ಹಿಡಿದಳು. ಒಂಬತ್ತು ವೋಲ್ಟ್. ಮನೆಯ ಮೇನ್ ಸ್ವಿಚ್ ಇಳಿಸಿದಾಗ ಸೊನ್ನೆ. ಏರಿಸಿದಾಗ ಮತ್ತೆ ಒಂಬತ್ತು.

"ಒದ್ದೆ ಮೈಗೆ ಇಷ್ಟು ಸಾಕು," ಎಂದಳು. "ಮನೆಯ ಕರೆಂಟು ವಾಪಸು ಹೋಗೋ ನ್ಯೂಟ್ರಲ್ ತಂತಿ ಎಲ್ಲೋ ಸಡಿಲ ಆಗಿದೆ. ಈ ನೆಲಮಾಳಿಗೆಯ ಪೈಪು ಬದಲಾಯಿಸಿದ್ದು ಯಾರು?"

"ನಾನೇ," ಎಂದ ಡೆಲ್ಬರ್ಟ್. "ಹೋದ ಬೇಸಿಗೇಲಿ. ಹಳೇದು ತುಕ್ಕು ಹಿಡಿದಿತ್ತು, ಪ್ಲಾಸ್ಟಿಕ್ ಹಾಕ್ದೆ."

"ನಿಮ್ಮ ಮನೆಯ ಅರ್ಥಿಂಗು, ಅಂದ್ರೆ ಕರೆಂಟು ನೆಲಕ್ಕೆ ಇಳಿಯೋ ದಾರಿ, ಇದ್ದದ್ದೇ ಆ ಕಬ್ಬಿಣದ ಪೈಪಿನಲ್ಲಿ. ನೀವು ಅದನ್ನೇ ಕತ್ತರಿಸಿದ್ದೀರಿ. ಈಗ ಕರೆಂಟಿಗೆ ನೆಲ ಸಿಗದೆ ನಿಮ್ಮ ಹೆಂಡತಿಯ ಕೈ ಹಿಡೀತಿದೆ."

ವರ್ನಾಳಿಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಕರೆಂಟು ಕಂಪನಿಯವರು ಬಂದು, ಮನೆಯ ಹೊರಗೆ ಕಂಬದಿಂದ ಇಳಿದ ನ್ಯೂಟ್ರಲ್ ತಂತಿಯ ಸವೆದ ಜೋಡಣೆ ತೆಗೆದು ಹೊಸದು ಹಾಕಿದರು. ಲೊರೇನ್ ಹಿಮ ಅರ್ಧ ಕರಗಿದ ಅಂಗಳದಲ್ಲಿ ಹೊಸ ಅರ್ಥಿಂಗಿಗಾಗಿ ತಾಮ್ರದ ಎರಡು ಸರಳುಗಳನ್ನು ನೆಲಕ್ಕೆ ಹೊಡೆಯತೊಡಗಿದಳು. ಹೆಪ್ಪುಗಟ್ಟಿದ ಮಣ್ಣು ಬಗ್ಗಲಿಲ್ಲ. ಸ್ವಲ್ಪ ಹೊತ್ತು ನೋಡಿದ ಡೆಲ್ಬರ್ಟ್ ಅವಳ ಕೈಯಿಂದ ಸುತ್ತಿಗೆ ಇಸಿದುಕೊಂಡ. ಕೆಲಸ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು, ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಲೊರೇನ್ ಮತ್ತೆ ಅಳೆದಳು. ಏನೂ ಇರಲಿಲ್ಲ.

ಅವಳು ಹೋದ ಮೇಲೆ ಡೆಲ್ಬರ್ಟ್, "ನೀರು ಬಿಸಿಯಾಗಿದೆ," ಎಂದ. "ಹೋಗು, ಸ್ನಾನ ಮಾಡು."

"ಮಾಡ್ತೀನಿ. ಮೊದಲು ನೀನು ಡಾಕ್ಟರಿಗೆ ಫೋನ್ ಮಾಡು."

"ಈಗ್ಯಾಕೆ ಅವರಿಗೆ?"

"ನನ್ನ ನರ ಕೆಟ್ಟಿದೆ ಅಂತ ಹೇಳಿದ್ದು ನೀನು. ಕೆಟ್ಟಿರ್ಲಿಲ್ಲ ಅಂತ ಹೇಳಬೇಕಾದ್ದೂ ನೀನೇ."

ಡೆಲ್ಬರ್ಟ್ ಕತ್ತು ಕೆರೆದುಕೊಂಡ. ಆಮೇಲೆ ಫೋನು ಎತ್ತಿದ. ವರ್ನಾ ಸೋಫಾದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದಳು. "ಅದು... ನನ್ನ ಹೆಂಡತಿ ವಿಷಯ," ಎಂದು ಅವನು ತಡವರಿಸುವುದು ಕೇಳಿಸಿತು. ಮುಂದಿನ ಮಾತಿಗೆ ಅವನು ಪದ ಹುಡುಕುತ್ತಿರುವಾಗಲೇ ಅವಳಿಗೆ ನಿದ್ದೆ ಹತ್ತಿತು.