ದಾರಿಯಿಂದ ಗೂಟಕ್ಕೆ

೧೯೯೬ರ ಏಪ್ರಿಲ್ ೧೧, ಗುರುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಚಾಮುಂಡಿ ಬೆಟ್ಟದ ಹಿಂಬದಿಯ ಕಾಲುದಾರಿಯಲ್ಲಿ ನಾವು ಮೂವರು ನಿಂತಿದ್ದೆವು: ನನ್ನ ಸಂಶೋಧನೆಯ ಮಾರ್ಗದರ್ಶಕರಾದ ಷಡಕ್ಷರಿ ಸರ್, ಸಸ್ಯಶಾಸ್ತ್ರ ವಿಭಾಗದ ಸಹಾಯಕ ಮೈಕಲಪ್ಪ ಮತ್ತು ನಾನು. ಮಾರ್ಚ್‌ನಲ್ಲಿ ನಾನು ತುಂಬಿಕೊಟ್ಟ ಹಾಳೆಗಳು ಸರ್ ಕೈಯಲ್ಲಿದ್ದವು.

ಕೆಲಸದ ಕ್ರಮ ಸರಳ. ಬೇಸಿಗೆಯಲ್ಲಿ ಒಣಗಿ ನಿಲ್ಲುವ ಈ ಕುರುಚಲು ಕಾಡಿನಲ್ಲಿ ಯಾವ ಗಿಡ ಯಾವುದರ ಜೊತೆ ಬೆಳೆಯುತ್ತದೆ ಎಂದು ಎಣಿಸಿ, ಒಂದೇ ಬಗೆಯ ಜಾಗಗಳನ್ನು ಒಂದು ಗುಂಪಿಗೆ ಸೇರಿಸಬೇಕು. ಎಣಿಸುವ ಜಾಗವನ್ನು ನಾವು ಆರಿಸುವಂತಿಲ್ಲ. ಲಾಟರಿಯಂತೆ ಅಂಕಿ ಕೊಡುವ ಕೋಷ್ಟಕವೊಂದರಲ್ಲಿ ಬಂದ ಅಂಕಿಯಷ್ಟು ಮೀಟರ್ ದಾರಿಯಿಂದ ಒಳಕ್ಕೆ ನಡೆದು, ಅಲ್ಲಿ ಗೂಟ ಹೊಡೆದು, ಹಗ್ಗದಿಂದ ಚೌಕ ಹಾಕಬೇಕು. ಅರವತ್ತು ಬಂದರೆ ಅರವತ್ತು. ಮಧ್ಯೆ ಲಂಟಾನ ಇರಲಿ, ಕಾರೆ ಮುಳ್ಳಿರಲಿ.

ಇಪ್ಪತ್ತನಾಲ್ಕು ಚೌಕಗಳಲ್ಲಿ ಹದಿನೆಂಟನ್ನು ಹೀಗೆಯೇ ಮಾಡಿದ್ದೆ. ಕೊನೆಯ ಆರರ ದಿನ ಮೊಣಕೈವರೆಗೂ ತರಚಿಹೋಗಿತ್ತು. ಮಧ್ಯಾಹ್ನದ ಬಸ್ಸಿಗೆ ಚಾಮರಾಜಪುರಂನ ಮನೆ ಸೇರಿಬಿಡುವ ಆಸೆ.

“ಗೂಟ ಇಲ್ಲೇ ಹೊಡೀರಿ ಮೈಕಲಪ್ಪ” ಎಂದೆ, ದಾರಿಯಂಚಿನಲ್ಲೇ ನಿಂತು.

“ಇಲ್ಲೇನಮ್ಮ? ದಾರೀಲಿ ಹೋಗೋ ಆಡು ಎಡವಿ ಬೀಳ್ತದೆ.”

“ಹೊಡೀರಿ. ನಾನು ನೋಡ್ಕೋತೀನಿ.”

ಆರೂ ಗೂಟಗಳನ್ನು ಅವರು ಹಾಗೆಯೇ ಹೊಡೆದರು. ಹಾಳೆಯಲ್ಲಿ ನಾನು ಕೋಷ್ಟಕದ ಅಂಕಿಗಳನ್ನೇ ಬರೆದೆ.

ಸಿಕ್ಕಿಬಿದ್ದದ್ದು ತಂಗಡಿಯಿಂದ. ಹಳದಿ ಹೂವಿನ ಆ ಗಿಡಕ್ಕೆ ದಾರಿಯಂಚಿನ ಬಯಲು ಬೇಕು. ಕಗ್ಗಲಿ, ದಿಂಡಿಗದಂಥ ಮರಗಳು ಇರಬೇಕಾದ ಒಳಗಾಡಿನಲ್ಲಿ ನನ್ನ ಆರು ಹಾಳೆಗಳ ತುಂಬ ತಂಗಡಿ. ಸಾಲದ್ದಕ್ಕೆ ಆ ಆರನ್ನೂ ಸೇರಿಸಿ ಹೊಸ ಗುಂಪೊಂದನ್ನು ಮಾಡಿ, ಅದಕ್ಕೆ ಹೆಸರನ್ನೂ ಇಟ್ಟಿದ್ದೆ. “ಒಂದ್ಸಲ ನೋಡ್ಕೊಂಡು ಬರೋಣ” ಎಂದಷ್ಟೇ ಸರ್ ಹೇಳಿದ್ದರು.

ಮೊದಲನೆಯ ಗೂಟ ದಾರಿಯಿಂದಲೇ ಕಾಣುತ್ತಿತ್ತು. ಸರ್ ಅಳೆದರು. ಆರು ಮೀಟರ್. ಹಾಳೆಯಲ್ಲಿ ಅರವತ್ತು.

“ಟೇಪ್ ಯಾರು ಓದಿದ್ದು?”

ನಾನು ನೆಲ ನೋಡಿದೆ. ಮೈಕಲಪ್ಪ ಟೋಪಿ ತೆಗೆದರು.

“ನಾನೇ ಸಾ. ಆಗ ಈಸ್ಟರ್ ಮುಂಚಿನ ತಪಸ್ಸು ಕಾಲ ಅಲ್ವ, ಉಪಾಸ ಇದ್ದೆ. ಕಣ್ಣು ಮಂಜಾಗಿ ಆರು ಅರವತ್ತಾಗಿ ಕಂಡ್ಬುಡ್ತು.”

ಅವರು ಉಪವಾಸವಿದ್ದದ್ದು ನಿಜ. ಅಂದು ನಾನು ಕೊಟ್ಟ ಇಡ್ಲಿಯನ್ನು ಮುಟ್ಟಿರಲಿಲ್ಲ. ಆದರೆ ಟೇಪಿನ ಸೊನ್ನೆಯ ತುದಿ ಹಿಡಿದು ದಾರಿಯಲ್ಲಿ ನಿಲ್ಲುವುದಷ್ಟೇ ಅವರ ಪಾಲಿನ ಕೆಲಸ. ಓದುವುದು, ಬರೆಯುವುದು ನನ್ನದು.

ಎರಡನೆಯ ಗೂಟಕ್ಕೆ ಹೋಗುವಾಗ ಸರ್ ಮುಂದೆ ನಡೆದರು. “ಯಾಕೆ ಹಂಗಂದ್ರಿ?” ಎಂದು ಪಿಸುಗುಟ್ಟಿದೆ.

“ಸುಮ್ನಿರಿ ತಾಯಿ. ನನ್ನ ತೆಗೆದ್ರೆ ಗಿಡದ ನರ್ಸರಿಗೆ ಹಾಕ್ತಾರೆ, ನೆಳ್ಳಲ್ಲಿ ಕೆಲ್ಸ. ನಿಮ್ಮನ್ನ ತೆಗೆದ್ರೆ ಎಲ್ಲಿಗೆ ಹಾಕ್ತಾರೆ? ಸುಳ್ಳಿಂದು ಪಾದ್ರಿಗಳತ್ರ ನಾನು ಹೇಳ್ಕೋತೀನಿ ಬುಡಿ.”

ಅದನ್ನು ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಎರಡನೆಯ ಗೂಟ ಐದು ಮೀಟರ್ ದೂರದಲ್ಲಿತ್ತು.

“ಹಾಳೆಯಲ್ಲಿ ನಲವತ್ತಮೂರು ಇದೆ” ಎಂದರು ಸರ್. “ಐದು ಹೇಗ್ರೀ ನಲವತ್ತಮೂರಾಗುತ್ತೆ?”

“ಅವತ್ತು ಉಪಾಸ ಜಾಸ್ತಿಯಾಗಿತ್ತು ಸಾ.”

ಸರ್ ನಗಲಿಲ್ಲ. “ಇಪ್ಪತ್ತೆರಡು ವರ್ಷ ನಿಮ್ಮನ್ನ ನಂಬಿದ್ದೆ ಮೈಕಲಪ್ಪ. ನಾಳೆಯಿಂದ ನರ್ಸರಿಗೆ ಹೋಗಿ. ಇನ್ನು ಕಾಡಿಗೆ ಬರಬೇಡಿ.”

“ಆಯ್ತು ಸಾ.”

ಮೇಟಗಳ್ಳಿಯ ಕಾರ್ಖಾನೆ ಕೆಲಸ ಬಿಟ್ಟು ಗಿಡಗಳ ಹಿಂದೆ ಬಂದ ಮನುಷ್ಯ ಅವರು. ಎಲೆ ಉದುರಿದ ಕಾಲದಲ್ಲಿ ತೊಗಟೆ ನೋಡಿ ಗಿಡ ಗುರುತಿಸುವುದನ್ನು ನನಗೆ ಕಲಿಸಿದವರೂ ಅವರೇ. ಈಗ ಪಕ್ಕದ ಬೋಳು ಕೊಂಬೆಯೊಂದನ್ನು ಉಗುರಿನಿಂದ ಕೆರೆದು, ಒಳಗೆ ಹಸಿರಿದೆಯೇ ಎಂದು ನೋಡಿದರು. ಇತ್ತು. ಮೆಲ್ಲಗೆ ಕೊಂಬೆ ಬಿಟ್ಟರು.

“ಸರ್, ಓದಿದ್ದು ನಾನು” ಎಂದೆ. “ಬರೆದದ್ದೂ ನಾನೇ. ಇಲ್ಲಿ ಬೇಡ ಅಂತ ಅವರು ಹೇಳಿದ್ರು.”

ಮೈಕಲಪ್ಪ ಸುಳ್ಳು ಹೇಳಿದಾಗ ಎಂಟು ಗಂಟೆ ಐದು ನಿಮಿಷ. ನಾನು ಬಾಯಿ ತೆರೆದಾಗ ಎಂಟೂವರೆ. ಇಪ್ಪತ್ತೈದು ನಿಮಿಷ ಸುಮ್ಮನಿದ್ದೆ.

ಸರ್ ಮೈಕಲಪ್ಪನವರ ಕಡೆ ತಿರುಗಿ “ತಪ್ಪಾಯ್ತು” ಎಂದರು. ಆ ಮಾತನ್ನು ಆಡಬೇಕಾಗಿದ್ದವಳು ನಾನು. ನನ್ನನ್ನು ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಹಾಳೆಗಳನ್ನು ಕೈಗಿತ್ತು, “ಆ ಗುಂಪನ್ನ ಹೊಡೆದುಹಾಕಿ ಪ್ರೇಮಲೀಲಾ. ಉಳಿದ ನಾಲ್ಕನ್ನೂ ಅಳೆದು, ಇದ್ದದ್ದನ್ನು ಬರೆಯಿರಿ” ಎಂದರು.

ಮೈಕಲಪ್ಪ ಟೇಪಿನ ತುದಿ ಹಿಡಿದು ದಾರಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು.

“ಗಟ್ಟಿಯಾಗಿ ಓದಿ ತಾಯಿ. ನಂಗೆ ಕಣ್ಣು ಮಂಜು.”

ಮೂರನೆಯ ಗೂಟ. ಹಾಳೆಯಲ್ಲಿ ನಾನು ಬರೆದಿದ್ದದ್ದು ಎಂಬತ್ತೆಂಟು. ಅದನ್ನು ಹೊಡೆದುಹಾಕಿ, ಟೇಪನ್ನು ಗಟ್ಟಿಯಾಗಿ ಓದಿ, ಪಕ್ಕದಲ್ಲಿ ಬರೆದೆ: ನಾಲ್ಕು ಮೀಟರ್ ಮೂವತ್ತು ಸೆಂಟಿಮೀಟರ್.