ಸಾಯಲೊಲ್ಲದ ಕಾಲಾಳು

ನಲವತ್ತು ದಾಟಿದ ಮೇಲೆ ಯುದ್ಧಕ್ಕೆ ಹೊರಟವನನ್ನು ಹುಚ್ಚನೆನ್ನದೆ ಇನ್ನೇನೆನ್ನಬೇಕು? ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸೂಪರ್‌ವೈಸರ್ ಓಬಳೇಶನನ್ನು ಓಣಿಯವರು ಹಾಗೇ ಅಂದರು. ಮೊಳಕಾಲ್ಮೂರಿನಲ್ಲೊಂದು ತಂಡವಿತ್ತು. ಪಾಳೇಗಾರರ ಕಾಲದ ಕಾಳಗಗಳನ್ನು ಆಗಿನದೇ ಉಡುಪು ತೊಟ್ಟು, ಆಗಿನಂಥದೇ ಆಯುಧ ಹಿಡಿದು ಬಯಲಲ್ಲಿ ಆಡಿ ತೋರಿಸುವುದು ಅವರ ಹವ್ಯಾಸ. ಒಮ್ಮೆ ನೋಡಿ ಬಂದ ಓಬಳೇಶನಿಗೆ ಅದರ ಗೀಳು ಹತ್ತಿತು. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಹೋಗಿ, ರಬ್ಬರ್ ಮೊನೆಯ ಬಿದಿರಿನ ಈಟಿ ಹಿಡಿಯುವುದನ್ನೂ ಮೈಗೆ ಪೆಟ್ಟಾಗದಂತೆ ಬೀಳುವುದನ್ನೂ ಕಲಿತ. ಬೀಳುವುದೇ ಮುಖ್ಯ. ಹೊಸಬ ಮೊದಲ ಏಟಿಗೇ ಸಾಯಬೇಕೆಂಬುದು ತಂಡದ ಕಟ್ಟಳೆ. ನೆಟ್ಟಗೆ ಸತ್ತವನಿಗಷ್ಟೇ ತಂಡದಲ್ಲಿ ಜಾಗ.

ಅವನ ಮೊದಲ ಕಾಳಗದ ದಿನ ಬೆಳಗ್ಗೆ ಮನೆಯಲ್ಲಿ ಕರೆಂಟು ಹೋಗಿತ್ತು.

"ಅವ್ವ, ಹಳೇ ಕಂಬಳಿ ಒಂದು ತಗೊಳ್ಳಲಾ? ಮೈಗೆ ಕಟ್ಕೋಬೇಕು."

"ಟ್ರಂಕಿನಾಗೈತೆ, ತಗಳೋ. ನಾನೂ ಹಿಂದ್ಲ ಬಸ್ಸಿಗೆ ಬರ್ತೀನಿ," ಎಂದಳು ತಾಯಿ ಸೂರಮ್ಮ, ಒಲೆಯ ಮುಂದಿನಿಂದಲೇ.

ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಓಬಳೇಶ ಬಸ್ಸಿಗೆ ಓಡಿದ.

ಬೆಟ್ಟದ ಬುಡದ ಬಯಲಲ್ಲಿ ತಂಡದ ಯಜಮಾನ ಹೊನ್ನೂರಸ್ವಾಮಿ ಒಬ್ಬೊಬ್ಬರನ್ನೇ ನಿಲ್ಲಿಸಿ ಉಡುಪು ತಪಾಸಣೆ ಮಾಡುತ್ತಿದ್ದ. ರೇಷ್ಮೆ ಸೀರೆ ವ್ಯಾಪಾರಿ, ಎಳೆ ತಪ್ಪಿದರೂ ಬಿಡದ ಕಣ್ಣು. ಓಬಳೇಶನ ವಾಚು ಬಿಚ್ಚಿಸಿದ. ಎದೆಗೆ ಅಡ್ಡಲಾಗಿ ಕಟ್ಟಿದ್ದ ಕಂಬಳಿಯಿಂದ ಏನೋ ಹೆಕ್ಕಿ ತೆಗೆದ.

"ಏಮಯ್ಯಾ ಓಬಳೇಶಾ, ಶೇಂಗಾ ಸಿಪ್ಪೆ! ಪಾಳೇಗಾರರ ಕಾಲ್ದಾಗೆ ನಿಮ್ಮೂರಾಗೆ ಶೇಂಗಾ ಎಲ್ಲಿತ್ತಯ್ಯಾ? ಝಾಡ್ಸು, ಝಾಡ್ಸು!"

ಎಲ್ಲರೂ ನಕ್ಕರು. ಓಬಳೇಶನೂ ನಗುತ್ತಲೇ ಕಂಬಳಿ ಕೊಡವಿದ. ಆಗ ಮೂಲೆಯಲ್ಲಿ ಅರಿಶಿನದ ಕಲೆ ಕಂಡಿತು. ಇದು ದೇವರ ಕಂಬಳಿ!

ಅವರ ಮನೆದೇವರಿಗೆ ಸಿಂಹಾಸನವಿಲ್ಲ. ಹಬ್ಬದ ದಿನ ಕರಿಕಂಬಳಿ ಹಾಸಿ, ಮೂಲೆಗೆ ಅರಿಶಿನ ಹಚ್ಚಿ, ಅದರ ಮೇಲೆ ದೇವರನ್ನು ಕೂರಿಸುತ್ತಾರೆ. ಅದೇ ಗದ್ದಿಗೆ. ಇನ್ನೊಂದು ರೂಢಿಯೂ ಇದೆ. ಸತ್ತವರನ್ನು ಮಲಗಿಸುವುದೂ ಕಂಬಳಿಯ ಮೇಲೆಯೇ, ಆದರೆ ಹೆಣ ಮಲಗಿದ ಕಂಬಳಿ ಹೆಣದ ಜೊತೆಗೇ ಹೋಗುತ್ತದೆ, ತಿರುಗಿ ಮನೆಗೆ ಬರುವುದಿಲ್ಲ. ಓಬಳೇಶನ ಅಪ್ಪನನ್ನು ಹಾಗೆ ಕಳಿಸಿದ್ದನ್ನು ಸೂರಮ್ಮ ಇನ್ನೂ ಮರೆತಿಲ್ಲ. ಈಗ ದೇವರ ಗದ್ದಿಗೆ ಸುತ್ತಿಕೊಂಡು ಅವಳ ಕಣ್ಣೆದುರೇ ಹೆಣವಾಗಿ ಬೀಳಬೇಕು! ಆಟದ ಸಾವಾದರೂ ಸಾವು ಸಾವೇ ತಾನೇ? ಬೀಳದಿದ್ದರೆ ತಂಡದ ಜಾಗ ಹೋಗುತ್ತದೆ, ಬಿದ್ದರೆ ಅವ್ವನ ಎದೆ ಒಡೆಯುತ್ತದೆ. ಬಿಚ್ಚಿಡೋಣವೆನ್ನುವಷ್ಟರಲ್ಲಿ ಕಹಳೆ ಊದಿಯೇಬಿಟ್ಟರು.

ಅವನನ್ನು ಕೊಲ್ಲಬೇಕಾದವಳು ಎದುರು ದಂಡಿನ ಶಿವರಂಜನಿ. ಓಡಿ ಬಂದು ನೇಮದಂತೆ ಪಕ್ಕೆಗೆ ಈಟಿ ತಾಗಿಸಿದಳು. ಓಬಳೇಶ ಕಂಬದಂತೆ ನಿಂತ.

"ಬೀಳ್ರೀ ಅಣ್ಣ," ಎಂದು ಪಿಸುಗುಟ್ಟಿದಳು.

"ಆಗಲ್ಲಮ್ಮಾ."

"ಅಯ್ಯೋ, ನೀವು ಸತ್ತೋಗಿದ್ದೀರ ಕಣ್ರೀ!"

ಇನ್ನೊಂದು ತಿವಿದಳು. ಓಬಳೇಶ ಈಟಿಯನ್ನು ಅತ್ತ ತಳ್ಳಿದ. ಮತ್ತಿಬ್ಬರು ಬಂದು ಇರಿದರು, ಅವರಿಗೂ ಬೀಳಲಿಲ್ಲ. ಸೋಲಬೇಕಾದ ದಂಡಿನ ಹೊಸಬನೊಬ್ಬ ಸಾಯದೆ ಹೋರಾಡುವುದನ್ನು ಕಂಡು ಜನ ಸಿಳ್ಳೆ ಹೊಡೆದರು. "ಸಾಯಯ್ಯಾ, ಸಾಯಿ!" ಎಂದು ಹೊನ್ನೂರಸ್ವಾಮಿ ಗಂಟಲು ಹರಿದುಕೊಂಡ. ಅಷ್ಟರಲ್ಲಿ ಬೇವಿನ ಮರದ ಕೆಳಗೆ ಅವ್ವ ಕಂಡಳು. ಓಬಳೇಶ ಈಟಿ ಎಸೆದು, ರಣರಂಗ ಬಿಟ್ಟು, ನೇರ ಅವಳ ಹತ್ತಿರ ಓಡಿದ.

"ತಪ್ಪಾತವ್ವ. ಗದ್ದಿಗೆ ಕಂಬಳಿ ತಂದುಬಿಟ್ಟೀನಿ. ಆದ್ರೆ ಬಿದ್ದಿಲ್ಲ, ದೇವರಾಣೆ ಬಿದ್ದಿಲ್ಲ."

ಸೂರಮ್ಮ ಕಂಬಳಿಯ ಅಂಚನ್ನು ಎಳೆದು ನೋಡಿದಳು. ಅಲ್ಲೊಂದು ತೂತಿತ್ತು. ಅದರಲ್ಲಿ ಬೆರಳು ತೂರಿಸಿ ಅವನ ಮುಖದೆದುರು ಆಡಿಸಿದಳು.

"ಲೇ, ಇಲಿ ಕಡ್ದಿದ್ರ ಮ್ಯಾಲೆ ದೇವರ್ನ ಕೂರಿಸ್ತೀನೇನೋ? ಇದ್ನ ಗದ್ದಿಗೆಯಿಂದ ಇಳಿಸಿ, ಕೈ ಮುಗ್ದು, ದೇವರಿಗೆ ಹೊಸದು ಹಾಸೀನಿ. ಈಗ ಇದ್ರ ಮ್ಯಾಲೆ ಶೇಂಗಾ ಒಣಗಿಸ್ತೀನಿ."

ಶೇಂಗಾ! ಆ ಸಿಪ್ಪೆ ಆಗಲೇ ಸತ್ಯ ಹೇಳಿತ್ತು. ದೇವರ ಗದ್ದಿಗೆಯ ಮೇಲೆ ಯಾರಾದರೂ ಶೇಂಗಾ ಹರವುತ್ತಾರೆಯೇ? ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು. ಓಬಳೇಶ ಅಲ್ಲೇ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬಂತು.

ಏದುಸಿರು ಬಿಡುತ್ತ ಬೈಯಲು ಬಂದ ಹೊನ್ನೂರಸ್ವಾಮಿ ವಿಷಯ ಕೇಳಿ ತಣ್ಣಗಾದ. "ಸರೇ, ಮೊದ್ಲಿಂದ ಆಡಾಣ. ಈ ಸಲನಾದ್ರೂ ಸಾಯ್ತೀಯಾ?"

"ಸಾಯ್ತೀನಿ ಸ್ವಾಮಣ್ಣ, ಖುಷಿಯಾಗಿ ಸಾಯ್ತೀನಿ. ಅವ್ವ, ಸತ್ತು ಬರ್ಲಾ?"

"ಬಿಡ್ತು ಅನ್ನು!" ಸೂರಮ್ಮ ಅವನ ಬಾಯಿಗೆ ಮೆತ್ತಗೆ ತಟ್ಟಿದಳು. ಕಂಬಳಿಯ ಗಂಟು ಬಿಗಿ ಮಾಡಿದಳು. ಆಟವೆಂದು ಗೊತ್ತಿದ್ದರೂ ಆ ಮಾತಿಗೆ ಹೂಂ ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

"ಹೋಗ್ ಬಾ," ಎಂದಳು.

ಕಹಳೆ ಮತ್ತೆ ಮೊಳಗಿತು. ಶಿವರಂಜನಿಯ ಈಟಿ ತಾಗಿತೋ ಇಲ್ಲವೋ, ಓಬಳೇಶ ಧೊಪ್ಪನೆ ಬಿದ್ದ. ಅಷ್ಟು ಚೆನ್ನಾಗಿ ಯಾರೂ ಸತ್ತಿರಲಿಲ್ಲವೆಂದು ಹೊನ್ನೂರಸ್ವಾಮಿಯೇ ಆಮೇಲೆ ಒಪ್ಪಿದ. ಅಂಗಾತ ಬಿದ್ದವನ ಕತ್ತಿಗೆ ಉಳಿದಿದ್ದ ಒಂದು ಸಿಪ್ಪೆ ಚುಚ್ಚುತ್ತಿತ್ತು, ಮನಸ್ಸು ಮಾತ್ರ ಹೂವಿನಷ್ಟು ಹಗುರವಾಗಿತ್ತು. ಕಾಳಗ ಇನ್ನೂ ಅರ್ಧವೂ ಆಗಿರಲಿಲ್ಲ. ಆಗಲೇ ಬೇವಿನ ಮರದ ಕಡೆಯಿಂದ ಗದ್ದಲವನ್ನೆಲ್ಲ ಮೀರಿ ಒಂದು ದನಿ ಬಂತು.

"ಸಾಕು, ಏಳೋ ಮಗಾ!"